ಕೈ ಬಿಟ್ಟ ಗುರುತು: ಅಮೂರ್ತ ರೇಖಾಚಿತ್ರದ ಅಭ್ಯಾಸಕ್ಕೊಂದು ಮಾರ್ಗದರ್ಶಿ

ಯಾವ ವಸ್ತುವನ್ನೂ ಹೋಲದ, ಬರೀ ಗೆರೆಗಳ ಅಮೂರ್ತ ರೇಖಾಚಿತ್ರ ಎಂದರೆ ಕೈಯನ್ನು ಸಡಿಲ ಬಿಟ್ಟು ಮನಸ್ಸಿಗೆ ಬಂದಂತೆ ಗೀಚುವುದು ಎಂದು ಬಹಳ ಮಂದಿ ನಂಬಿದ್ದಾರೆ. ಗೆರೆ ಅಲುಗಿದರೆ, ಚಿಮ್ಮಿದರೆ, ಅಲ್ಲಲ್ಲಿ ಮಸಿ ಚೆಲ್ಲಿದರೆ ಮಾತ್ರ ಅದರಲ್ಲಿ ಕಲಾವಿದರ ಕೈ ಕಾಣುತ್ತದೆ ಎಂಬುದು ಅದರ ಬೆನ್ನಿಗೇ ಬರುವ ಇನ್ನೊಂದು ನಂಬಿಕೆ. ಇಲ್ಲಿ ನಾನು ಹೇಳಹೊರಟಿರುವ ದಾರಿ ಇದಕ್ಕೆ ತದ್ವಿರುದ್ಧ. ನೇರವಾದ, ಸಮನಾದ, ಒಂದೇ ದಪ್ಪದ ಗೆರೆ ಎಳೆಯಲು ಮನಸಾರೆ ಯತ್ನಿಸಿ. ಎಷ್ಟೇ ಯತ್ನಿಸಿದರೂ ಕೈ ಎಲ್ಲೋ ಒಂದೆಡೆ ಮಾತು ಕೇಳುವುದಿಲ್ಲ. ನಾವು ಹುಡುಕುತ್ತಿರುವುದು ಅಲ್ಲಿದೆ. ಬೇಕೆಂದೇ ಅಲುಗಿಸಿದ ಗೆರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನೇರವಾಗಿ ಎಳೆಯಲು ಹೊರಟು ಬಾಗಿದ ಗೆರೆ ಮಾತ್ರ ಒಬ್ಬೊಬ್ಬರದ್ದೂ ಬೇರೆ.

ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ಕಲಾವಿದೆ ನಸ್ರೀನ್ ಮೊಹಮದಿ ಅವರ ಕೃತಿಗಳಿಂದ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಬೆಳೆದು, ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಓದಿದ ನಸ್ರೀನ್, 1972ರಿಂದ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಪಾಠ ಮಾಡಿದರು, 1990ರಲ್ಲಿ ತೀರಿಕೊಂಡರು. ಅದೇ ಬರೋಡಾದಲ್ಲಿ ಅವರ ಸಹೋದ್ಯೋಗಿಗಳು ಮನುಷ್ಯರನ್ನು, ಬೀದಿಗಳನ್ನು, ಕಥೆಗಳನ್ನು ಚಿತ್ರಿಸುತ್ತಿದ್ದ ಕಾಲದಲ್ಲಿ ಅವರು ಕಾಗದದ ಮೇಲೆ ಬರೀ ಗೆರೆ ಎಳೆಯುತ್ತಿದ್ದರು. ಅದೂ ಕಟ್ಟಡದ ನಕ್ಷೆ ಬರೆಯುವವರ ಉಪಕರಣಗಳನ್ನು ಹಿಡಿದು, ಪೆನ್ಸಿಲ್ಲಿನಲ್ಲಿ, ಮಸಿಯಲ್ಲಿ. ಹೆಚ್ಚಿನ ಕೃತಿಗಳಿಗೆ ಅವರು ಹೆಸರಿಡಲಿಲ್ಲ, ತಾರೀಖನ್ನೂ ಹಾಕಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2016ರಲ್ಲಿ ಮೆಟ್ ಬ್ರಾಯರ್ ಎಂಬ ಶಾಖೆಯನ್ನು ತೆರೆದಾಗ ಅಲ್ಲಿನ ಮೊದಲ ಪ್ರದರ್ಶನಗಳಲ್ಲಿ ಅವರದ್ದೂ ಒಂದು. ಹೆಸರು ಬೇಡವೆಂದರೂ, ತಾರೀಖು ಬೇಡವೆಂದರೂ, ಸ್ಕೇಲ್ ಹಿಡಿದು ಎಳೆದರೂ ಆ ಗೆರೆಗಳು ಅವರವೇ ಎಂದು ಕಣ್ಣಿಗೆ ತಿಳಿಯುತ್ತದೆ. ಅದು ಹೇಗೆ ಎಂಬುದನ್ನು ಓದಿ ತಿಳಿಯುವುದಕ್ಕಿಂತ ಪೆನ್ಸಿಲ್ ಹಿಡಿದು ಕೂತು ತಿಳಿಯುವುದು ಸುಲಭ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ; ಒಂದೇ ದಿನದಲ್ಲಿ ಮುಗಿಸಬೇಕೆಂಬ ಆತುರ ಬೇಡ.

ಸಾಮಗ್ರಿ

ದುಬಾರಿಯಾದದ್ದೇನೂ ಬೇಕಿಲ್ಲ. ಅಭ್ಯಾಸಕ್ಕೆ ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಎ4 ಕಾಗದ ಸಾಕು (ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ). ಇಟ್ಟುಕೊಳ್ಳುವ ಚಿತ್ರಗಳಿಗೆ 150ರಿಂದ 200 ಜಿಎಸ್‌ಎಂ ಕಾರ್ಟ್ರಿಜ್ ಶೀಟ್, ಅಂದರೆ ದಪ್ಪನೆಯ ಚಿತ್ರದ ಕಾಗದ, ಕೊಳ್ಳಿ. 2ಬಿ ಪೆನ್ಸಿಲ್ ಒಂದು, 0.3 ಮಿಲಿಮೀಟರ್ ತುದಿಯ ಡ್ರಾಯಿಂಗ್ ಪೆನ್ ಒಂದು, ಮಾಮೂಲಿ ಬಾಲ್ ಪೆನ್ ಒಂದು. ಸಿಕ್ಕರೆ ಮಸಿಯಲ್ಲಿ ಅದ್ದಿ ಬರೆಯುವ ನಿಬ್ಬಿನ ಪೆನ್ನೂ ಇರಲಿ. 30 ಸೆಂಟಿಮೀಟರಿನ ಸ್ಕೇಲ್, ಕಾಗದವನ್ನು ಮೇಜಿಗೆ ಹಿಡಿಸಲು ಮಾಸ್ಕಿಂಗ್ ಟೇಪ್. ರಬ್ಬರ್ ಮಾತ್ರ ಬೇರೆ ಕೋಣೆಯಲ್ಲಿ ಇರಲಿ. ಈ ಅಭ್ಯಾಸದಲ್ಲಿ ಅಳಿಸಿದರೆ ನೋಡಬೇಕಾದದ್ದನ್ನೇ ಅಳಿಸಿದಂತಾಗುತ್ತದೆ.

ಒಂದೊಂದು ಸಾಧನ ಕೈಯ ಒಂದೊಂದು ಸಂಗತಿಯನ್ನು ದಾಖಲಿಸುತ್ತದೆ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಡ್ರಾಯಿಂಗ್ ಪೆನ್ನಿಗೆ ಒತ್ತು ಗೊತ್ತಾಗುವುದಿಲ್ಲ, ಆದರೆ ನೀವು ಎಲ್ಲಿ ತಡೆದಿರಿ ಎಂಬುದು ಗೊತ್ತಾಗುತ್ತದೆ: ಪೆನ್ನು ನಿಂತಲ್ಲಿ ಮಸಿ ಹರಡಿ ಸಣ್ಣ ಚುಕ್ಕೆ ಮೂಡುತ್ತದೆ. ಪೆನ್ಸಿಲ್ಲಿಗೆ ಒತ್ತು ಚೆನ್ನಾಗಿ ಗೊತ್ತಾಗುತ್ತದೆ. ನಿಬ್ಬು ಒತ್ತಿದರೆ ಅರಳುತ್ತದೆ, ಬಿಟ್ಟರೆ ಮುಚ್ಚುತ್ತದೆ. ಬಾಲ್ ಪೆನ್ನನ್ನು ಕಲಾವಿದರು ಹಗುರವಾಗಿ ಕಾಣುವುದುಂಟು; ನನಗೆ ಅದು ಬಹಳ ಇಷ್ಟ. ಮೆಲ್ಲಗೆ ತಾಗಿಸಿದರೆ ಮಾಸಲು ಗೆರೆ, ಒತ್ತಿದರೆ ಗಾಢ ಗೆರೆ, ಜೊತೆಗೆ ಕಾಗದದ ಹಿಂಬದಿಯಲ್ಲಿ ಬೆರಳಿಗೆ ಸಿಗುವ ಉಬ್ಬು.

ಬೆಳಕು ನೀವು ಬಲಗೈಯವರಾದರೆ ಎಡದಿಂದ, ಎಡಗೈಯವರಾದರೆ ಬಲದಿಂದ ಬೀಳಲಿ. ಕೈಯ ನೆರಳು ಗೆರೆಯ ಮೇಲೆ ಬಿದ್ದರೆ ಕಣ್ಣು ದಾರಿ ತಪ್ಪುತ್ತದೆ.

ಮೊದಲ ಹಂತ: ಒಂದೇ ಗೆರೆ

ಎ4 ಹಾಳೆಯನ್ನು ಉದ್ದಕ್ಕೆ ಇಟ್ಟು ನಾಲ್ಕು ಮೂಲೆಗೂ ಟೇಪ್ ಹಚ್ಚಿ. ಮೇಲಂಚಿನಿಂದ 2 ಸೆಂಟಿಮೀಟರ್ ಬಿಟ್ಟು ಡ್ರಾಯಿಂಗ್ ಪೆನ್ನನ್ನು ಊರಿ. ಕೆಳಗೆ ನಿಲ್ಲಬೇಕಾದ ಜಾಗವನ್ನು ಕಣ್ಣಿನಲ್ಲೇ ಗುರುತಿಸಿಕೊಳ್ಳಿ. ಈಗ ನಿಧಾನವಾಗಿ, ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ, ಕೆಳಗಿನವರೆಗೆ ಒಂದು ಗೆರೆ ಎಳೆಯಿರಿ. ಅದರ ಪಕ್ಕದಲ್ಲಿ ಇನ್ನೊಂದನ್ನು, ಈ ಸಲ ಎರಡು ಮೂರು ಸೆಕೆಂಡಿನಲ್ಲಿ ಮುಗಿಯುವಂತೆ ಬೇಗ ಎಳೆಯಿರಿ. ಇಲ್ಲಿಗೆ ನಿಲ್ಲಿಸಿ. ಇನ್ನು ಮುಂದಿನ ಕೆಲಸ ಎಳೆಯುವುದಲ್ಲ, ನೋಡುವುದು. ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ಹಿಗ್ಗಿಸಿ ನೋಡಿ.

ನಿಧಾನದ ಗೆರೆಯ ತಲೆಯಲ್ಲಿ ಒಂದು ಚುಕ್ಕೆ ಇರುತ್ತದೆ. ಹೊರಡುವ ಮುನ್ನ ನೀವು ಯೋಚಿಸಿದ ಹೊತ್ತು ಅದು. ಅದರ ಕೆಳಗೆ ಮೊದಲ ಒಂದೆರಡು ಸೆಂಟಿಮೀಟರ್ ಬಿಗಿಯಾಗಿರುತ್ತದೆ, ಅಂಚು ಗರಗಸದ ಹಾಗೆ ಸಣ್ಣಗೆ ಹರಿದಿರುತ್ತದೆ. ನಡುವೆ ಗೆರೆ ನೆಮ್ಮದಿಗೆ ಬರುತ್ತದೆ. ಎಲ್ಲೋ ಒಂದು ಕಡೆ ಸಣ್ಣ ಒದೆತ ಕಾಣುತ್ತದೆ. ಅಂಗೈಯ ಅಂಚು ಕಾಗದಕ್ಕೆ ಅಂಟಿಕೊಂಡು, ಬಿಟ್ಟುಕೊಂಡು ಮುಂದೆ ಸರಿದ ಜಾಗ ಅದು. ಕೊನೆಯಲ್ಲಿ ಗೆರೆ ಒಂದು ಬದಿಗೆ ವಾಲುತ್ತದೆ, ಯಾಕೆಂದರೆ ಗುರಿ ಹತ್ತಿರ ಬಂದಂತೆ ಕಣ್ಣು ಪೆನ್ನಿನ ತುದಿಯನ್ನು ಬಿಟ್ಟು ಗುರಿಯತ್ತ ಓಡುತ್ತದೆ.

ಆ ಗರಗಸದಂಥ ಅಂಚಿಗೆ ಶರೀರದಲ್ಲೇ ಕಾರಣವಿದೆ. ಆರೋಗ್ಯವಂತರ ಕೈಯಲ್ಲೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಮಿಡಿಯುವ ಸೂಕ್ಷ್ಮ ನಡುಕ ಇದ್ದೇ ಇರುತ್ತದೆ. ಸೆಕೆಂಡಿಗೆ ಒಂದು ಸೆಂಟಿಮೀಟರ್ ಸಾಗಿದರೆ ಪ್ರತಿ ಸೆಂಟಿಮೀಟರಿನೊಳಗೂ ಅಷ್ಟು ನಡುಕಗಳು ಕೂರುತ್ತವೆ. ಹತ್ತು ಸೆಂಟಿಮೀಟರ್ ಸಾಗಿದರೆ ಒಂದೊಂದು ನಡುಕವೂ ಒಂದು ಸೆಂಟಿಮೀಟರ್ ಉದ್ದಕ್ಕೆ ಹರಡಿಕೊಂಡು ಕಣ್ಣಿಗೆ ಬೀಳುವುದೇ ಇಲ್ಲ. ಬೇಗ ಎಳೆದ ಗೆರೆ ನುಣುಪಾಗಿ, ಆತ್ಮವಿಶ್ವಾಸದಿಂದ ಕೂಡಿದಂತೆ ಕಾಣುವುದು ಇದಕ್ಕೇ. ಕಾಫಿ ಕುಡಿದು ಕೂತರೆ, ದಣಿದಿದ್ದರೆ, ಆತಂಕದಲ್ಲಿದ್ದರೆ ನಡುಕ ಹೆಚ್ಚುತ್ತದೆ. ಬೇಗದ ಗೆರೆಗೂ ಅದರದ್ದೇ ಗುರುತಿದೆ: ಅದು ನಡುಗುವುದಿಲ್ಲ, ಬಾಗುತ್ತದೆ. ಏಕೆ ಬಾಗುತ್ತದೆ ಎಂಬುದು ಮುಂದಿನ ಹಂತ.

ಎರಡನೆಯ ಹಂತ: ಯಾವ ಕೀಲಿನಿಂದ ಎಳೆಯುತ್ತೀರಿ?

ಕೈಯ ಕೀಲುಗಳು ನೇರಗೆರೆಗಾಗಿ ಮಾಡಿದವಲ್ಲ. ಮಣಿಕಟ್ಟನ್ನು ಮಾತ್ರ ಆಡಿಸಿದರೆ ಪೆನ್ನು ಮಣಿಕಟ್ಟಿನ ಸುತ್ತ ಕಮಾನು ಬರೆಯುತ್ತದೆ. ಮೊಣಕೈಯಿಂದ ಆಡಿಸಿದರೆ ಕಮಾನು ದೊಡ್ಡದಾಗುತ್ತದೆ, ಭುಜದಿಂದ ಆಡಿಸಿದರೆ ಇನ್ನೂ ದೊಡ್ಡದು. ನೇರಗೆರೆ ಹುಟ್ಟಬೇಕಾದರೆ ಎರಡು ಮೂರು ಕೀಲುಗಳು ಒಂದರ ಬಾಗನ್ನು ಒಂದು ಸರಿಪಡಿಸುತ್ತಾ ಒಟ್ಟಿಗೆ ದುಡಿಯಬೇಕು. ಆ ಹೊಂದಾಣಿಕೆ ಪ್ರತಿಯೊಬ್ಬರಲ್ಲೂ ಬೇರೆ. ತೋಳಿನ ಉದ್ದ ಬೇರೆ, ಕೂರುವ ಭಂಗಿ ಬೇರೆ, ಪೆನ್ನು ಹಿಡಿಯುವ ರೀತಿ ಬೇರೆ.

ಒಂದು ಹಾಳೆಯನ್ನು ಮೂರು ಪಟ್ಟಿಗಳಾಗಿ ಮಡಚಿ. ಮೊದಲ ಪಟ್ಟಿಯಲ್ಲಿ ಅಂಗೈ ಊರಿ, ಮಣಿಕಟ್ಟಿನಿಂದ ಮಾತ್ರ, 5 ಸೆಂಟಿಮೀಟರಿನ ಗೆರೆಗಳನ್ನು ಎಳೆಯಿರಿ. ಎರಡನೆಯದರಲ್ಲಿ ಮೊಣಕೈ ಮೇಜಿಗೆ ಊರಿ. ಮೂರನೆಯದಕ್ಕೆ ಎದ್ದು ನಿಂತು, ಕೈಯ ಯಾವ ಭಾಗವೂ ಮೇಜಿಗೆ ತಾಗದಂತೆ, ಭುಜದಿಂದ ಎಳೆಯಿರಿ. ಕೊನೆಯವು ಮೊದಮೊದಲು ಅಂಕೆ ಮೀರಿದಂತೆ ಅನ್ನಿಸಿದರೂ ಸ್ವಲ್ಪ ಹೊತ್ತಿನಲ್ಲೇ ಉದ್ದಗೆರೆಗಳಲ್ಲಿ ಅವೇ ಹೆಚ್ಚು ನೇರವಾಗಿರುವುದನ್ನು ನೋಡುತ್ತೀರಿ. ಬಲಗೈಯವರಿಗೆ ಎಡದ ಕೆಳಮೂಲೆಯಿಂದ ಬಲದ ಮೇಲ್ಮೂಲೆಗೆ ಹೋಗುವ ಓರೆಗೆರೆ ಸಲೀಸು. ಅದಕ್ಕೆ ಎದುರು ದಿಕ್ಕಿನದ್ದು ಕಷ್ಟ. ಎರಡನ್ನೂ ಅಕ್ಕಪಕ್ಕ ಎಳೆದು ನೋಡಿ, ನಿಮ್ಮ ಕೈಗೆ ಒಲಿದ ದಿಕ್ಕು ಯಾವುದೆಂದು ಬರೆದಿಟ್ಟುಕೊಳ್ಳಿ.

ಗೆರೆ ಬರುವುದು ಇಡೀ ಮೈಯಿಂದ ಎಂದು ಅರಿತ ಚಿತ್ರಕಾರರು ನಮ್ಮಲ್ಲೇ ಇದ್ದರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಲಯವನ್ನು ಮೈಗೂಡಿಸಿಕೊಳ್ಳಲೆಂದೇ ಕಥಕ್ ನೃತ್ಯ ಕಲಿತರು. ಅವರ ರೇಖಾಚಿತ್ರಗಳು ಅಮೂರ್ತವಲ್ಲ. ಅಲ್ಲಿ ನರ್ತಕಿಯರಿದ್ದಾರೆ, ವಾದ್ಯಗಾರರಿದ್ದಾರೆ, ದುಡಿಯುವವರಿದ್ದಾರೆ. ಆದರೆ ಆ ಚಿತ್ರಗಳಲ್ಲಿ ಆಕೃತಿಯನ್ನು ಮರೆತು ಗೆರೆಯೊಂದನ್ನೇ ಹಿಂಬಾಲಿಸಿ ನೋಡಿ. ಎಲ್ಲಿ ಹೊರಟಿತು, ಎಲ್ಲಿ ದಪ್ಪವಾಯಿತು, ಎಲ್ಲಿ ಕಾಗದ ಬಿಟ್ಟು ಮೇಲೆದ್ದಿತು ಎಂಬುದನ್ನು ಬೆರಳಿನಿಂದ ಗಾಳಿಯಲ್ಲಿ ಅನುಸರಿಸಿದರೆ ನಿಮ್ಮ ಭುಜವೇ ಆಡುತ್ತದೆ. ಹೆಬ್ಬಾರರ ಕೃತಿಗಳು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿವೆ. ಮುದ್ರಿತ ಪ್ರತಿಗಳಲ್ಲಿ ನೋಡಿದರೂ ಈ ಅಭ್ಯಾಸಕ್ಕೆ ಸಾಕಾಗುತ್ತದೆ.

ಮೂರನೆಯ ಹಂತ: ಹಾಳೆ ತುಂಬ ಸಮಾನಾಂತರ ಗೆರೆಗಳು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಮಾಡಲು ನಿಮಗೆ ವ್ಯವಧಾನವಿದ್ದರೆ ಇದನ್ನು ಮಾಡಿ.

ಹೊಸ ಹಾಳೆ, ಡ್ರಾಯಿಂಗ್ ಪೆನ್. ಸುತ್ತ 2 ಸೆಂಟಿಮೀಟರ್ ಅಂಚು ಬಿಡಿ. ಬಲಗೈಯವರು ಎಡಬದಿಯಿಂದ, ಎಡಗೈಯವರು ಬಲಬದಿಯಿಂದ ಶುರು ಮಾಡಿ. ಹಾಗೆ ಮಾಡಿದರೆ ಕೈ ಹಸಿ ಮಸಿಯ ಮೇಲೆ ಹಾಯುವುದಿಲ್ಲ, ಹಿಂದಿನ ಗೆರೆಯೂ ಕಣ್ಣಿಗೆ ಕಾಣುತ್ತಿರುತ್ತದೆ. ಮೊದಲ ಗೆರೆಯನ್ನು ಸ್ಕೇಲ್ ಇಲ್ಲದೆ, ಆದಷ್ಟು ನೇರವಾಗಿ, ಮೇಲಿನಿಂದ ಕೆಳಗೆ ಎಳೆಯಿರಿ. ಎರಡನೆಯದನ್ನು ಅದರಿಂದ 2 ಮಿಲಿಮೀಟರ್ ದೂರದಲ್ಲಿ. ಮೂರನೆಯದನ್ನು ಎರಡನೆಯದರಿಂದ ಅಷ್ಟೇ ದೂರದಲ್ಲಿ. ಎ4 ಹಾಳೆಯಲ್ಲಿ ಸುಮಾರು 85 ಗೆರೆ ಹಿಡಿಯುತ್ತವೆ. ಒಂದು ಗೆರೆಗೆ ಹತ್ತು ಸೆಕೆಂಡ್, ನಡುನಡುವೆ ಪೆನ್ನೆತ್ತಿ ಉಸಿರಾಡುವ ಹೊತ್ತು, ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಉಸಿರು ಬಿಗಿಹಿಡಿಯಬೇಡಿ, ಬಿಗಿಹಿಡಿದರೆ ಗೆರೆಯ ಕೊನೆಯ ಮೂರನೇ ಒಂದು ಭಾಗದಲ್ಲಿ ಕೈ ಅವಸರ ಮಾಡುತ್ತದೆ. ಉಸಿರು ಬಿಡುತ್ತಾ ಎಳೆಯಿರಿ.

ಏನಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ, ತಿಳಿದಿದ್ದರೂ ಅನುಭವ ಕಡಿಮೆಯಾಗುವುದಿಲ್ಲ. ಐದಾರು ಗೆರೆಗಳವರೆಗೆ ಎಲ್ಲವೂ ಸರಿಯಿರುತ್ತದೆ. ಆಮೇಲೆ ಒಂದು ಗೆರೆಯ ನಡುವೆ ಕೈ ಕೂದಲೆಳೆಯಷ್ಟು ಬಲಕ್ಕೆ ಸರಿಯುತ್ತದೆ. ಮುಂದಿನ ಗೆರೆ ಅದರಿಂದ 2 ಮಿಲಿಮೀಟರ್ ದೂರ ಇಟ್ಟುಕೊಳ್ಳಬೇಕಲ್ಲ, ಹಾಗಾಗಿ ಅದೂ ಅಲ್ಲಿ ಸರಿಯುತ್ತದೆ, ಜೊತೆಗೆ ತನ್ನದೇ ಒಂದು ಹೊಸ ಅಳುಕನ್ನು ಸೇರಿಸುತ್ತದೆ. ಹತ್ತು ಗೆರೆ ಕಳೆಯುವಷ್ಟರಲ್ಲಿ ಅಲ್ಲೊಂದು ಉಬ್ಬು. ಇಪ್ಪತ್ತು ಗೆರೆಗೆ ಅದು ಅಲೆ. ನೀವು ಸಾಗುತ್ತಿರುವ ದಿಕ್ಕಿಗೆ ಉಬ್ಬಿದ ಕಡೆ ಅಲೆ ಅಗಲವಾಗುತ್ತಾ ಹೋಗುತ್ತದೆ. ಹಿಂದಕ್ಕೆ ತಗ್ಗಿದ ಕಡೆ ಕಿರಿದಾಗಿ ಚೂಪಾಗುತ್ತಾ ಬರುತ್ತದೆ. ಮರದ ಹಲಗೆಯಲ್ಲಿ ಗಂಟಿನ ಸುತ್ತ ಎಳೆಗಳು ಬಳಸಿಕೊಂಡು ಹೋಗುವುದನ್ನು ನೋಡಿರುತ್ತೀರಿ. ಹಾಳೆಯ ಬಲತುದಿಗೆ ಬರುವಷ್ಟರಲ್ಲಿ ನಿಮ್ಮ ಮುಂದೆ ಹೆಚ್ಚುಕಡಿಮೆ ಅಂಥದ್ದೇ ಒಂದು ಮೈ ಇರುತ್ತದೆ. ಯಾರೂ ಅಲೆ ಬರೆಯಲು ಹೊರಟಿರಲಿಲ್ಲ.

ಇಲ್ಲಿ ನಿಮಗೆ ಎರಡು ಆಸೆಗಳು ಹುಟ್ಟುತ್ತವೆ, ಎರಡನ್ನೂ ತಡೆದುಕೊಳ್ಳಿ. ಮೊದಲನೆಯದು, ಅಲೆಯನ್ನು ಒಮ್ಮೆಗೇ ನೇರ ಮಾಡಿಬಿಡುವ ಆಸೆ. ಹಾಗೆ ಮಾಡಿದರೆ ಉಬ್ಬಿನ ಬಳಿ ಗೆರೆಗಳು ಒತ್ತೊತ್ತಾಗಿ ಕಪ್ಪಾಗುತ್ತವೆ, ತಗ್ಗಿನ ಬಳಿ ಬಿಳಿಯ ಬಿರುಕು ಬೀಳುತ್ತದೆ. ತಿದ್ದಲೇಬೇಕೆನ್ನಿಸಿದರೆ ಎಂಟು ಹತ್ತು ಗೆರೆಗಳ ಮೇಲೆ ಹಂಚಿ, ಪ್ರತಿ ಗೆರೆಯಲ್ಲೂ ಚೂರು ಚೂರೇ ತಿದ್ದುತ್ತಾ ಬನ್ನಿ. ಎರಡನೆಯ ಆಸೆ ಹೆಚ್ಚು ಅಪಾಯದ್ದು: ಅಲೆ ಚೆಂದ ಕಂಡು, ಅದನ್ನು ಇನ್ನಷ್ಟು ಬಳುಕಿಸುವ ಆಸೆ. ಆ ಕ್ಷಣದಿಂದ ಹಾಳೆ ಅಲಂಕಾರವಾಗುತ್ತದೆ. ನಿಮ್ಮ ಕೆಲಸ 2 ಮಿಲಿಮೀಟರ್ ದೂರ ಕಾಯುವುದು, ಅಷ್ಟೇ. ಎರಡು ಗೆರೆಗಳು ತಾಗಿದರೆ ನಿಲ್ಲಬೇಡಿ, ಮುಂದುವರಿಯಿರಿ.

ಮುಗಿದ ಮೇಲೆ ಹಾಳೆಯನ್ನು ಗೋಡೆಗೆ ಅಂಟಿಸಿ ಎರಡು ಮೀಟರ್ ಹಿಂದೆ ಸರಿಯಿರಿ. ಗೆರೆಗಳು ಮರೆಯಾಗಿ ಬೂದುಬಣ್ಣದ ಪಟ್ಟೆಗಳು ಕಾಣುತ್ತವೆ. ಬೇಸರ ಬಂದ ಜಾಗದಲ್ಲಿ ಗೆರೆಗಳ ನಡುವಿನ ಅಂತರ ಹಿಗ್ಗಿ ಹಾಳೆ ತಿಳಿಯಾಗಿರುತ್ತದೆ. ಮತ್ತೆ ಗಮನ ಕೂಡಿದ ಕಡೆ ಗಾಢವಾಗಿರುತ್ತದೆ. ಹೊರಗೆ ಹಾರ್ನ್ ಕೇಳಿಸಿದ್ದು, ಯಾರೋ ಬಾಗಿಲು ತಟ್ಟಿದ್ದು, ಕಾಲು ಜೋಮು ಹಿಡಿದು ಕುರ್ಚಿಯಲ್ಲಿ ಸರಿದು ಕೂತದ್ದು ಎಲ್ಲವೂ ಎಡದಿಂದ ಬಲಕ್ಕೆ ಕಾಲಾನುಕ್ರಮದಲ್ಲಿ ದಾಖಲಾಗಿರುತ್ತವೆ. ಅರ್ಧ ಗಂಟೆಯ ನಿಮ್ಮನ್ನು ಇಷ್ಟು ಪ್ರಾಮಾಣಿಕವಾಗಿ ಹಿಡಿದಿಡುವ ಭಾವಚಿತ್ರವನ್ನು ನಾನು ಬೇರೆ ಕಂಡಿಲ್ಲ.

ಗೆರೆಗಳ ನಡುವಿನ ಅಂತರವನ್ನು ಕಣ್ಣಳತೆಯಿಂದಲೇ ಕಾಯುವ ವಿದ್ಯೆ ಮಲೆನಾಡಿನಲ್ಲಿ ಬಹಳ ಹಿಂದಿನಿಂದ ಇದೆ. ಸಾಗರದ ಸುತ್ತಿನ ದೀವರ ಸಮುದಾಯದ ಹೆಂಗಸರು ಮದುವೆಯ ಹೊತ್ತಿಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯ ಗೆರೆಗಳು ಒಂದರ ಪಕ್ಕ ಒಂದು ಕೂರುತ್ತವೆ. ಕುಂಚವೆಂದರೆ ಪುಂಡಿ ನಾರು. ಚಿತ್ತಾರ ಅಮೂರ್ತ ಕಲೆಯಲ್ಲ, ಅದರ ಪ್ರತಿಯೊಂದು ಆಕಾರಕ್ಕೂ ಮನೆ, ಮದುವೆ, ಬೆಳೆಗಳ ಸಂಬಂಧವಿದೆ. ಅದನ್ನು ಬರೀ ವಿನ್ಯಾಸವೆಂದು ನೋಡುವುದು ತಪ್ಪು. ಆದರೆ ಗೆರೆ ಅಭ್ಯಾಸ ಮಾಡುವವರು ಒಂದು ಚಿತ್ತಾರದ ಮುಂದೆ ಸಾವಕಾಶವಾಗಿ ನಿಲ್ಲಬೇಕು. ನಾರಿನ ಕುಂಚದಲ್ಲಿ ಹಿಟ್ಟು ಮುಗಿಯುತ್ತಾ ಬಂದಾಗ ಗೆರೆ ತೆಳುವಾಗಿ, ಮತ್ತೆ ಅದ್ದಿದಾಗ ತುಂಬಿಕೊಂಡು ಬರುವುದನ್ನು ಹತ್ತಿರದಿಂದ ನೋಡಿದರೆ ಬರೆದವರ ಕೈಯ ಅಂದಾಜು ಸಿಗುತ್ತದೆ.

ನಾಲ್ಕನೆಯ ಹಂತ: ಬೇರೊಬ್ಬರ ಸೂಚನೆ, ನಿಮ್ಮ ಕೈ

ಅಮೆರಿಕದ ಕಲಾವಿದ ಸೋಲ್ ಲೆವಿಟ್ 1968ರಲ್ಲಿ ನ್ಯೂಯಾರ್ಕಿನ ಪೌಲಾ ಕೂಪರ್ ಗ್ಯಾಲರಿಯ ಗೋಡೆಯ ಮೇಲೆ ನೇರವಾಗಿ ಪೆನ್ಸಿಲ್ ಗೆರೆಗಳನ್ನು ಎಳೆದರು. ಮುಂದೆ ಅವರ ಗೋಡೆಚಿತ್ರಗಳು ಸೂಚನೆಗಳ ರೂಪ ತಾಳಿದವು. ಸೂಚನೆ ಲೆವಿಟ್ ಅವರದ್ದು, ಎಳೆಯುವ ಕೈ ಯಾರದ್ದಾದರೂ ಆಗಬಹುದು. ಅವರು 2007ರಲ್ಲಿ ತೀರಿಕೊಂಡ ಮರುವರ್ಷ ಮ್ಯಾಸಚೂಸೆಟ್ಸ್‌ನ ಮಾಸ್ ಮೋಕಾ ಎಂಬ ಕಲಾ ಸಂಗ್ರಹಾಲಯದಲ್ಲಿ ಅವರ 105 ಗೋಡೆಚಿತ್ರಗಳನ್ನು ಕಲಾವಿದರು ಮತ್ತು ವಿದ್ಯಾರ್ಥಿಗಳು ಸೇರಿ ಬರೆದರು. ಕಲಾವಿದನ ಕೈಯನ್ನೇ ಚಿತ್ರದಿಂದ ಹೊರಗಿಟ್ಟ ಮನುಷ್ಯ ಎಂದು ಲೆವಿಟ್ ಅವರನ್ನು ಪರಿಚಯಿಸುವುದುಂಟು. ನನಗೆ ಅದು ಪೂರ್ತಿ ನಿಜವೆನಿಸುವುದಿಲ್ಲ, ಅದಕ್ಕೆ ಕಾರಣ ಅವರ 46ನೆಯ ಗೋಡೆಚಿತ್ರ.

1970ರ ಮೇ ತಿಂಗಳ ಕೊನೆಯಲ್ಲಿ ಅವರ ಆಪ್ತ ಗೆಳತಿ, ಶಿಲ್ಪಿ ಈವಾ ಹೆಸ್ 34ನೆಯ ವಯಸ್ಸಿನಲ್ಲಿ ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ಆಗ ಲೆವಿಟ್ ಪ್ಯಾರಿಸಿನ ಗ್ಯಾಲರಿಯೊಂದಕ್ಕೆ ಗೋಡೆಚಿತ್ರ ಮಾಡಬೇಕಿತ್ತು. ಅಲ್ಲಿಯವರೆಗೆ ಅವರ ಗೋಡೆಗಳಲ್ಲಿ ಇದ್ದದ್ದು ಅಡಿಕೋಲಿನ ನೇರಗೆರೆ. ಗೆಳತಿಯ ನೆನಪಿಗೆ ಮಾಡಿದ ಈ ಚಿತ್ರದಲ್ಲಿ ಮೊದಲ ಸಲ ಅವರು ನೇರವಲ್ಲದ ಗೆರೆಯನ್ನು ಬಳಸಿದರು. ಸೂಚನೆ ಇಷ್ಟೇ: ಲಂಬವಾದ ಗೆರೆಗಳು, ನೇರವಲ್ಲದವು, ಒಂದಕ್ಕೊಂದು ತಾಗದವು, ಗೋಡೆಯನ್ನು ಸಮನಾಗಿ ತುಂಬುವವು. ಹೆಸ್ ಅವರ ಶಿಲ್ಪಗಳಲ್ಲಿ ಜೋತುಬಿದ್ದ ಹಗ್ಗ, ದಾರಗಳನ್ನು ನೋಡಿದವರಿಗೆ ಈ ಗೆರೆಗಳು ಎಲ್ಲಿಂದ ಬಂದವೆಂದು ಹೇಳಬೇಕಿಲ್ಲ.

ಈಗ ನೀವು ಅದೇ ಸೂಚನೆಯನ್ನು ಒಂದು ಎ3 ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಮಾಡಿ. ಹಿಂದಿನ ಹಂತದಲ್ಲಿ ಕೈ ತಾನಾಗಿ ಬಾಗಿತ್ತು. ಇಲ್ಲಿ ಬಾಗಲು ಅಪ್ಪಣೆಯಿದೆ. ವಿಚಿತ್ರವೆಂದರೆ ಅಪ್ಪಣೆ ಸಿಕ್ಕ ಕೂಡಲೇ ಕೈ ಒಂದೇ ಬಗೆಯ ಬಳುಕನ್ನು ಮತ್ತೆ ಮತ್ತೆ ಬರೆಯತೊಡಗುತ್ತದೆ. ಎಡಕ್ಕೊಂದು, ಬಲಕ್ಕೊಂದು, ಎಡಕ್ಕೊಂದು. ಹಾಗಾದಾಗ ನಿಲ್ಲಿಸಿ, ‘ಸಮನಾಗಿ ತುಂಬುವವು’ ಎಂಬ ಮಾತಿಗೆ ಮರಳಿ. ಎಲ್ಲಿ ಖಾಲಿ ಹೆಚ್ಚಿದೆಯೋ ಅಲ್ಲಿಗೆ ಗೆರೆ ಹೋಗಬೇಕು, ಆದರೆ ತಾಗಬಾರದು. ಆಗ ಬಾಗುವುದಕ್ಕೆ ಕಾರಣವೊಂದು ಸಿಗುತ್ತದೆ, ಬಳುಕು ಅಭ್ಯಾಸದಿಂದ ಕಳಚಿಕೊಳ್ಳುತ್ತದೆ.

ಇದನ್ನು ಒಬ್ಬರೇ ಮಾಡಿ ಮುಗಿಸಬೇಡಿ. ಅದೇ ಸೂಚನೆಯನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಇನ್ನಿಬ್ಬರಿಗೆ ಕೊಡಿ. ಅಜ್ಜಿಯಾಗಲಿ, ಶಾಲೆಗೆ ಹೋಗುವ ಹುಡುಗಿಯಾಗಲಿ, ಚಿತ್ರ ಬರೆಯಲು ಬಾರದು ಎಂದು ದೂರ ಸರಿಯುವ ಭಾವನಾಗಲಿ. ಹಾಳೆ, ಪೆನ್ಸಿಲ್, ಅಳತೆ ಎಲ್ಲ ಒಂದೇ ಇರಲಿ. ಮುಗಿದ ಮೇಲೆ ಮೂರನ್ನೂ ಹೆಸರಿಲ್ಲದೆ ಗೋಡೆಗೆ ಅಂಟಿಸಿ, ಯಾವುದು ಯಾರದ್ದೆಂದು ನಾಲ್ಕನೆಯವರನ್ನು ಕೇಳಿ. ಮನೆಯವರ ಕೈಬರಹ ಬಲ್ಲವರು ಅಕ್ಷರವೇ ಇಲ್ಲದ ಈ ಗೆರೆಗಳಲ್ಲೂ ಅವರನ್ನು ಗುರುತಿಸುವುದುಂಟು.

ಐದನೆಯ ಹಂತ: ಸ್ಕೇಲ್ ಹಿಡಿದು

ಸ್ಕೇಲ್ ಇಟ್ಟು ಎಳೆದ ಮೇಲೆ ಕೈಗುರುತು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ನಸ್ರೀನ್ ಅವರತ್ತ ಮತ್ತೆ ಹೋಗಬೇಕಾದದ್ದು ಇಲ್ಲಿ. ಸ್ಕೇಲ್ ಕಸಿದುಕೊಳ್ಳುವುದು ದಿಕ್ಕನ್ನು ಮಾತ್ರ. ಎಷ್ಟು ಒತ್ತಬೇಕು, ಎಲ್ಲಿ ಹೊರಡಬೇಕು, ಎಲ್ಲಿ ನಿಲ್ಲಬೇಕು, ಮುಂದಿನ ಗೆರೆ ಎಷ್ಟು ದೂರದಲ್ಲಿರಬೇಕು, ಎಲ್ಲಿ ಗೆರೆಯೇ ಬೇಡ ಎಂಬ ನಿರ್ಧಾರಗಳೆಲ್ಲ ಕೈಯಲ್ಲೇ ಉಳಿಯುತ್ತವೆ. ಒಂದು ಕಡೆ ಒತ್ತೊತ್ತಾಗಿದ್ದ ಗೆರೆಗಳು ಬಿಡಿಬಿಡಿಯಾಗುತ್ತಾ ಹೋಗಿ ಖಾಲಿ ಕಾಗದದಲ್ಲಿ ಲೀನವಾಗುವ ಅವರ ಚಿತ್ರಗಳಲ್ಲಿ ಆ ಲೀನವಾಗುವ ಬಗೆಯನ್ನು ಯಾವ ಸ್ಕೇಲೂ ಹೇಳಿಕೊಡಲಾರದು. ಕೊನೆಯ ವರ್ಷಗಳಲ್ಲಿ ನರಸಂಬಂಧಿ ಕಾಯಿಲೆಯಿಂದ ಕೈಕಾಲುಗಳ ಹಿಡಿತ ತಪ್ಪುತ್ತಾ ಬಂದಾಗಲೂ ಅವರು ಇಂಥ ಕರಾರುವಾಕ್ಕಾದ ಗೆರೆಗಳನ್ನೇ ಎಳೆದರು. ಅದಕ್ಕೆ ಬೇಕಾದ ಶ್ರಮ ಎಂಥದ್ದಿರಬೇಕೆಂದು ಈ ಹಂತವನ್ನು ಮಾಡಿ ನೋಡಿದವರು ಊಹಿಸಬಲ್ಲರು.

ಕಾರ್ಟ್ರಿಜ್ ಶೀಟಿನ ಮೇಲೆ 2ಬಿ ಪೆನ್ಸಿಲ್ಲನ್ನು ಚೂಪಾಗಿ ಕೆತ್ತಿ, 5 ಮಿಲಿಮೀಟರ್ ಅಂತರದಲ್ಲಿ ಇಪ್ಪತ್ತು ಅಡ್ಡಗೆರೆ ಎಳೆಯಿರಿ, ನಡುವೆ ಕೆತ್ತಬೇಡಿ. ಸೀಸ ಸವೆದಂತೆ ಗೆರೆ ದಪ್ಪವಾಗಿ, ಮೆತ್ತಗಾಗಿ, ಬೂದಾಗುತ್ತಾ ಬರುವುದನ್ನು ಗಮನಿಸಿ. ಮುಂದಿನ ಇಪ್ಪತ್ತರಲ್ಲಿ ಪ್ರತಿ ಗೆರೆ ಎಳೆಯುವಾಗಲೂ ಬೆರಳುಗಳ ನಡುವೆ ಪೆನ್ಸಿಲ್ಲನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ಸೀಸ ಸಮನಾಗಿ ಸವೆದು ಗೆರೆಯ ದಪ್ಪ ಬಹಳ ಹೊತ್ತು ಒಂದೇ ಥರ ಉಳಿಯುತ್ತದೆ. ನಕ್ಷೆ ಬರೆಯುವವರಿಗೆ ಇದು ಮೊದಲ ಪಾಠ. ಮಸಿಯಲ್ಲಿ ಎಳೆಯುವುದಾದರೆ ಸ್ಕೇಲಿನ ಅಡಿಯಲ್ಲಿ ಎರಡು ಮೂರು ಪದರ ಟೇಪನ್ನು ಅಂಚಿನಿಂದ ಒಳಗೆ ಹಚ್ಚಿ, ಸ್ಕೇಲಿನ ಅಂಚು ಕಾಗದಕ್ಕೆ ತಾಗದಂತೆ ಎತ್ತರಿಸಿಕೊಳ್ಳಿ. ಇಲ್ಲವಾದರೆ ಮಸಿ ಸ್ಕೇಲಿನಡಿ ಹರಿದು ಹಾಳೆ ಕೆಡುತ್ತದೆ.

ಇದೇ ಹಾಳೆಯಲ್ಲಿ ಉದ್ದಗೆರೆಗಳನ್ನೂ ಸೇರಿಸಿದರೆ ಚೌಕಳಿ ಆಗುತ್ತದೆ. ಚೌಕಳಿಯಿಂದಲೇ ಹೆಸರಾದ ಕಲಾವಿದೆ ಆಗ್ನೆಸ್ ಮಾರ್ಟಿನ್. 1912ರಲ್ಲಿ ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದಲ್ಲಿ ಹುಟ್ಟಿದ ಅವರು 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಆರಡಿ ಚೌಕದ ಕ್ಯಾನ್ವಾಸುಗಳ ಮೇಲೆ ಪೆನ್ಸಿಲ್ಲಿನಿಂದ ಚೌಕಳಿ ಎಳೆದರು. ದೂರದಿಂದ ಅದು ಮಂಜು. ಹತ್ತಿರ ಹೋದರೆ ಬಟ್ಟೆಯ ನೇಯ್ಗೆಯ ಉಬ್ಬುಗಳ ಮೇಲೆ ಮಾತ್ರ ಸೀಸ ಹಿಡಿದಿದೆ, ತಗ್ಗುಗಳನ್ನು ಹಾರಿಹೋಗಿದೆ. ಚಿಕ್ಕ ಅಡಿಕೋಲನ್ನು ಸರಿಸಿ ಸರಿಸಿ ಎಳೆದ ಕಡೆ ಗೆರೆಯ ಒತ್ತು ಬದಲಾಗಿದೆ. ಮನೆಯಲ್ಲಿ ಇದರ ರುಚಿ ನೋಡಬೇಕಾದರೆ ಬಿಳಿ ಬಣ್ಣ ಬಳಿದು ಒಣಗಿಸಿದ ಕ್ಯಾನ್ವಾಸ್ ತುಂಡಿನ ಮೇಲೆ 15 ಸೆಂಟಿಮೀಟರಿನ ಸ್ಕೇಲಿನಿಂದ 60 ಸೆಂಟಿಮೀಟರ್ ಉದ್ದದ ಗೆರೆಯನ್ನು ನಾಲ್ಕು ಸಲ ಸ್ಕೇಲ್ ಸರಿಸಿ ಎಳೆಯಿರಿ. ಮೂರು ಬೆಸುಗೆಗಳೂ ಕಾಣುತ್ತವೆ. ಅವನ್ನು ಮುಚ್ಚಬೇಡಿ.

ಇನ್ನೊಂದು ಸಣ್ಣ ಹಂತ, ಕತ್ತಲಲ್ಲಿ

ಅಮೆರಿಕದ ಚಿತ್ರಕಾರ ಸೈ ಟ್ವಾಂಬ್ಲಿ 1953ರ ಸುಮಾರಿಗೆ ಸೈನ್ಯದಲ್ಲಿದ್ದಾಗ ರಾತ್ರಿ ದೀಪ ಆರಿಸಿ ಚಿತ್ರ ಬರೆಯುತ್ತಿದ್ದರು. ಕಲಿತ ಕೈಚಳಕವನ್ನು ಕಳಚಿಕೊಳ್ಳಲು ಅದೊಂದು ಉಪಾಯ. ಮೂರನೆಯ ಹಂತದ ಹಾಳೆಯನ್ನೇ ಕಣ್ಣು ಮುಚ್ಚಿ ಒಮ್ಮೆ ಮಾಡಿ. ಎಡಗೈ ಹೆಬ್ಬೆರಳನ್ನು ಹಿಂದಿನ ಗೆರೆಯ ತಲೆಯಲ್ಲಿ ಇಟ್ಟುಕೊಂಡರೆ ಜಾಗ ತಿಳಿಯುತ್ತದೆ. ಇದನ್ನು ದಿನಾ ಮಾಡಬೇಕಿಲ್ಲ. ಕಣ್ಣಿನ ಕಾವಲು ಇಲ್ಲದಾಗ ಕೈ ಯಾವ ದಿಕ್ಕಿಗೆ ವಾಲುತ್ತದೆ ಎಂದು ತಿಳಿದರೆ ಸಾಕು. ಆಮೇಲೆ ಕಣ್ಣು ತೆರೆದು ಎಳೆದ ಹಾಳೆಗಳಲ್ಲೂ ಅದೇ ವಾಲು ಅಡಗಿರುವುದು ಕಾಣುತ್ತದೆ.

ಹಾಳೆಗಳನ್ನು ಇಟ್ಟುಕೊಳ್ಳುವುದು

ಯಾವ ಹಾಳೆಯನ್ನೂ ಎಸೆಯಬೇಡಿ. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ತಾರೀಖು, ಸಾಧನ, ಕಾಗದದ ಜಿಎಸ್‌ಎಂ, ಕೂತಿದ್ದಿರೋ ನಿಂತಿದ್ದಿರೋ, ಇಷ್ಟನ್ನು ಬರೆಯಿರಿ. ನಸ್ರೀನ್ ತಾರೀಖು ಹಾಕಲಿಲ್ಲ ನಿಜ, ಆದರೆ ಕಲಿಯುವವರಿಗೆ ತಾರೀಖು ಬೇಕು. ಕೆಲವು ವಾರಗಳ ಹಾಳೆಗಳನ್ನು ಸಾಲಾಗಿ ನೆಲದ ಮೇಲೆ ಹರಡಿದಾಗ, ನೀವು ತಪ್ಪೆಂದುಕೊಂಡ ಒಂದು ಬಾಗು ಪ್ರತಿ ಹಾಳೆಯಲ್ಲೂ ಅದೇ ಎತ್ತರದಲ್ಲಿ ಬಂದಿರುವುದು ಕಣ್ಣಿಗೆ ಬೀಳುತ್ತದೆ. ಅದನ್ನು ತಿದ್ದಲು ಹೋಗಬೇಡಿ. ಅದರ ಸುತ್ತ ಮುಂದಿನ ಚಿತ್ರವನ್ನು ಕಟ್ಟಿ.

ಬಾಲ್ ಪೆನ್ನಿನ ಮಸಿ ಬಿಸಿಲಿಗೆ ಮಾಸುತ್ತದೆ, ಅಂಥ ಹಾಳೆಗಳನ್ನು ಕಿಟಕಿಯ ಎದುರು ತೂಗುಹಾಕಬೇಡಿ. ಪೆನ್ಸಿಲ್ ಮಾಸುವುದಿಲ್ಲ, ಆದರೆ ಉಜ್ಜಿಕೊಳ್ಳುತ್ತದೆ. ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು ಮಲಗಿಸಿಡಿ, ಸುರುಳಿ ಸುತ್ತಬೇಡಿ. ಫೋಟೊ ತೆಗೆಯುವಾಗ ಫ್ಲ್ಯಾಶ್ ಬೇಡ. ಬೆಳಗಿನ ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳುವ ಜಾಗದಲ್ಲಿ ಹಾಳೆಯನ್ನಿಟ್ಟು ತೆಗೆದರೆ ಗೆರೆಯ ಜೊತೆಗೆ ಒತ್ತಿನ ತಗ್ಗುಗಳೂ ಚಿತ್ರದಲ್ಲಿ ಬರುತ್ತವೆ. ಹಾಳೆಯ ಹಿಂಬದಿಯದ್ದೂ ಒಂದು ಫೋಟೊ ಇರಲಿ.